ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ

ಅತ್ತೆ,

ಕಾಗದ ಬರೆಯುವವರು ಮೊದಲು ಕ್ಷೇಮ ವಿಚಾರಿಸುತ್ತಾರೆ. ನಿಮ್ಮನ್ನು ಹಾಗೆ ಕೇಳುವಂತಿಲ್ಲ, ಆದ್ದರಿಂದ ನನ್ನದನ್ನೇ ಹೇಳಿಬಿಡುತ್ತೇನೆ. ಕಣ್ಣೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿದೆ. ಕಣ್ಣಿನ ವಿಷಯ ನಿಮಗೆ ಗೊತ್ತಿಲ್ಲ. ನೀವು ಹೋದ ಮೇಲೆ ಆದದ್ದು ಅದು. ಅದರ ಹಿಂದೆಯೇ ನಿಮ್ಮ ಮಗನಿಗೂ ನನಗೂ ದೊಡ್ಡ ಜಗಳವಾಯಿತು. ಆ ಜಗಳದಲ್ಲಿ ನೀವು ಯಾರ ಕಡೆ ನಿಲ್ಲುತ್ತಿದ್ದಿರಿ ಎಂದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಫ್ರಿಸ್ಕೋದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಅಲ್ಲಿಲ್ಲ. ಎಲ್ಲಿದ್ದೇನೆ ಎಂಬುದೇ ಈ ಕಾಗದದ ಕಥೆ.

ಮ್ಯಾನ್‌ಹೈಮ್‌ನ ಆ ಮೂರನೇ ಮಹಡಿಯ ಮನೆಯ ಅಡುಗೆಮನೆ ಕಿಟಕಿ ನೆನಪಿದೆಯಾ? ನನ್ನ ಅಮ್ಮನಿಗೆ ಮೈ ಹುಷಾರಿಲ್ಲವೆಂದು ಬಾಣಂತನಕ್ಕೆ ಮೈಸೂರಿನಿಂದ ನೀವೇ ಬಂದಿದ್ದಿರಿ. ಮಾವ ಇರುವ ತನಕ ಒಬ್ಬರೇ ಬೆಂಗಳೂರಿಗೂ ಹೋದವರಲ್ಲ ನೀವು. ಅನಘಾಳಿಗೆ ಎಣ್ಣೆ ಹಚ್ಚಿ ನೀರೆರೆದು ಮಲಗಿಸಿದ ಮೇಲೆ ಆ ಕಿಟಕಿಯ ಹತ್ತಿರ ಕಾಫಿ ಲೋಟ ಹಿಡಿದು ನಿಲ್ಲುತ್ತಿದ್ದಿರಿ. ಕೆಳಗೆ ಹಳಿಗಳು, ಬಂದು ಹೋಗುವ ಕೆಂಪು ರೈಲುಗಳು. ಇವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಒಂದು ದಿನ ಕೇಳಿದಿರಿ. ನನಗೆ ಗೊತ್ತಿರಲಿಲ್ಲ. ಆ ದೇಶಕ್ಕೆ ಬಂದು ವರ್ಷದ ಮೇಲಾಗಿತ್ತು, ರಘು ಕರೆದುಕೊಂಡು ಹೋದ ಕಡೆ ಹೋಗಿದ್ದೆ, ಅಷ್ಟೆ. ನೀವು ನನ್ನ ಮುಖವನ್ನೇ ನೋಡಿ, “ಮಗು ಎದ್ದ ಮೇಲೆ ಹೋಗಿ ನೋಡ್ಕೊಂಡು ಬರೋಣ, ರೆಡಿಯಾಗು” ಅಂದಿರಿ.

ಹೈಡೆಲ್‌ಬರ್ಗ್‌ಗೆ ಹೋದ ಆ ಮಧ್ಯಾಹ್ನವನ್ನು ಹೇಗೆ ಮರೆಯಲಿ? ಮಗುವಿನ ಗಾಡಿ, ಬಿಸಿನೀರಿನ ಫ್ಲಾಸ್ಕು, ಡಬ್ಬಿಯಲ್ಲಿ ಪುಳಿಯೋಗರೆ. ರೈಲಿನ ಬಾಗಿಲು ತಾನಾಗಿ ತೆರೆಯಲಿಲ್ಲ, ಅದಕ್ಕೊಂದು ಗುಂಡಿ ಒತ್ತಬೇಕಿತ್ತು. ನಮಗದು ಗೊತ್ತಿಲ್ಲದೆ ಮೊದಲ ರೈಲು ನಮ್ಮೆದುರೇ ಬಂದು ನಿಂತು ಹೊರಟುಹೋಯಿತು. ನಾನು ವಾಪಸ್ ಹೋಗೋಣ ಅಂದೆ. ನೀವು ಮುಂದಿನ ರೈಲಿಗೆ ಯಾರೋ ಹುಡುಗಿ ಗುಂಡಿ ಒತ್ತುವುದನ್ನು ನೋಡಿಕೊಂಡು, ಅವಳನ್ನು ಪಕ್ಕಕ್ಕೆ ಸರಿಸಿದಂತೆ ನೀವೂ ಒಮ್ಮೆ ಒತ್ತಿದಿರಿ. ಟಿಕೆಟ್ ನೋಡಲು ಬಂದ ಹೆಂಗಸಿಗೆ ಕನ್ನಡದಲ್ಲೇ “ಇವಳು ಬಾಣಂತಿ, ಗಾಳಿ ಬರದ ಕಡೆ ಜಾಗ ಕೊಡಮ್ಮ” ಅಂದಿರಿ. ಆಕೆಗೆ ಏನು ಅರ್ಥವಾಯಿತೋ, ಹೋಗಿ ಕಿಟಕಿ ಮುಚ್ಚಿದಳು. ಆಮೇಲಿಂದ ನಾವು ನಿಂತದ್ದುಂಟೇ? ಶ್ಪೈಯರ್, ಸ್ಟ್ರಾಸ್‌ಬರ್ಗ್, ಬಾಸೆಲ್… ರಘು ಆಫೀಸಿನಿಂದ ಬರುವಷ್ಟರಲ್ಲಿ ನಾವು ಬೇರೆ ದೇಶ ನೋಡಿಕೊಂಡು ಬಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆವು.

ರೈಲು ಎರಡು ಹೋಳಾದ ದಿನದ ರಂಪ ಬೇರೆ. ಅಲ್ಲಿ ಕೆಲವು ರೈಲುಗಳನ್ನು ನಡುದಾರಿಯ ಸ್ಟೇಷನ್ನಿನಲ್ಲಿ ಬಿಡಿಸಿ, ಮುಂದಿನ ಅರ್ಧ ಒಂದೂರಿಗೆ, ಹಿಂದಿನ ಅರ್ಧ ಇನ್ನೊಂದೂರಿಗೆ ಕಳಿಸುತ್ತಾರೆಂದು ನಮಗೆ ಯಾರು ಹೇಳಬೇಕು? ನಮ್ಮ ಡಬ್ಬಿಯ ಶೌಚಾಲಯ ಕೆಟ್ಟಿದೆಯೆಂದು, ರೈಲು ನಿಂತಿದ್ದಾಗ ಕೆಳಗಿಳಿದು ಹಿಂದಿನ ಡಬ್ಬಿ ಹತ್ತಿದಿರಿ. ನಾನೂ ಮಗುವೂ ಮುಂದಿನ ಅರ್ಧದಲ್ಲಿ ಉಳಿದೆವು. ನಿಮ್ಮ ಹತ್ತಿರ ಫೋನಿರಲಿಲ್ಲ. ನಾನು ರಘುಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವರು ಮೀಟಿಂಗ್ ಬಿಟ್ಟು ಸ್ಟೇಷನ್ನಿಗೆ ಓಡಿಬಂದರು, ಪೊಲೀಸರಿಗೆ ಹೇಳಿದರು. ಸಂಜೆಯ ಹೊತ್ತಿಗೆ ನೀವು ಬಾಗಿಲಲ್ಲಿ ನಿಂತಿದ್ದಿರಿ, ಕೈಯಲ್ಲಿ ಒಂದು ಪೊಟ್ಟಣ ಚೆರ್ರಿ ಹಣ್ಣು. ಮನೆಯಲ್ಲಿ ಮೊದಲ ಸಲ ನಿಮ್ಮ ಮಗ ನಿಮ್ಮ ಮೇಲೆ ದನಿ ಎತ್ತಿದರು. ಇನ್ನು ಮೇಲೆ ಒಬ್ಬರೇ ಎಲ್ಲೂ ಹೋಗಕೂಡದು ಅಂದರು. ನೀವು ಹಣ್ಣು ತೊಳೆಯುತ್ತಲೇ ಹೇಳಿದಿರಿ, “ತಪ್ಪಿಹೋದವಳು ತಾನಾಗೇ ವಾಪಸ್ ಬಂದ್ಲು ಅಂದ್ರೆ ಕಲ್ತಿದ್ದಾಳೆ ಅಂತ ಅರ್ಥ ಕಣೋ. ತಪ್ಪೋದೇ ಬೇಡ ಅಂತ ಕೂತವಳು ಏನು ಕಲೀತಾಳೆ?” ಮಾರನೇ ವಾರ ಮತ್ತೆ ಹೊರಟಿರಿ.

ಆ ದೇಶ ಬಿಟ್ಟು ನಾವು ಸೇರಿದ ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ನೀವು ಬಂದಾಗ ಅನಘಾ ಮಿಡ್ಲ್ ಸ್ಕೂಲಿನಲ್ಲಿದ್ದಳು. ಹೊಸ ಬಡಾವಣೆ, ಹೊಸ ಮನೆ, ಮುಂದುಗಡೆ ಎರಡು ಕಾರಿನ ಗರಾಜು. ಮನೆಯನ್ನೆಲ್ಲ ಸುತ್ತಿ ನೋಡಿ, ಇದು ಕಾರುಗಳಿಗೆ ಕಟ್ಟಿದ ಮನೆ, ನಾವು ಬಾಡಿಗೆಗೆ ಇದ್ದ ಹಾಗಿದೆ ಅಂದಿರಿ. ಇಲ್ಲಿ ಸ್ಟೇಷನ್ ಎಲ್ಲಿ ಎಂದು ಕೇಳಿದಾಗ ರಘು ನಕ್ಕರು. ಶನಿವಾರ ದೇವಸ್ಥಾನ, ಭಾನುವಾರ ಯಾರದೋ ಮನೆಯ ಪೂಜೆ. ಉಳಿದ ದಿನ ನಾವು ಮೂವರೂ ಹೊರಗೆ, ನೀವು ಒಳಗೆ. ಪಕ್ಕದ ಬೀದಿಯಲ್ಲಿ ನಿಮ್ಮ ಹಾಗೆಯೇ ಬಂದಿದ್ದ ಅಪ್ಪ ಅಮ್ಮಂದಿರಿದ್ದರು. ಸಂಜೆ ಅವರೆಲ್ಲ ಬಡಾವಣೆಯ ಕೊಳದ ಸುತ್ತ ನಡೆದು, ವೀಸಾ ಮುಗಿಯುವ ತಿಂಗಳ ಬಗ್ಗೆ ಮಾತಾಡುತ್ತಿದ್ದರು. ಜೈಲಿನವರು ಬಿಡುಗಡೆಯ ಬಗ್ಗೆ ಮಾತಾಡಿದ ಹಾಗೆ ಎಂದು ನೀವೇ ಅಲ್ಲವೇ ನನಗೆ ಹೇಳಿದ್ದು?

ಕೊತ್ತಂಬರಿ ಸೊಪ್ಪು ತರಲು ನೀವು ಹೊರಟ ಆ ಬೆಳಿಗ್ಗೆ ನಾನು ಆಫೀಸಿನಲ್ಲಿದ್ದೆ. ಮಜ್ಜಿಗೆಹುಳಿಗೆ ಸೊಪ್ಪಿಲ್ಲವೆಂದು ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿ, ಕೊಡೆ ಬಿಡಿಸಿ, ಕಾರಿನಲ್ಲಿ ಹೋಗುವಾಗ ನೋಡಿಕೊಂಡ ದಾರಿಯಲ್ಲಿ ನಡೆದಿದ್ದಿರಿ. ಫುಟ್‌ಪಾತು ಒಂದು ಖಾಲಿ ಸೈಟಿನ ಹತ್ತಿರ ಇದ್ದಕ್ಕಿದ್ದ ಹಾಗೆ ಮುಗಿದುಹೋಯಿತು. ನೀವು ನಿಲ್ಲದೆ ಹುಲ್ಲಿನ ಮೇಲೆ ಮುಂದುವರಿದಿರಿ. ಪೊಲೀಸಿನವನೊಬ್ಬ ಕಾರು ನಿಲ್ಲಿಸಿ, ಏನಾದರೂ ತೊಂದರೆಯೇ ಎಂದು ಮರ್ಯಾದೆಯಿಂದ ಕೇಳಿ, ಮನೆಗೆ ಬಿಟ್ಟುಹೋದನಂತೆ. ಸಂಜೆ ರಘು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಇಲ್ಲಿ ಹಾಗೆಲ್ಲ ಯಾರೂ ನಡೆಯುವುದಿಲ್ಲ, ಒಂದು ಫೋನ್ ಮಾಡಿದ್ದರೆ ನಾನೇ ತರುತ್ತಿದ್ದೆ ಅಂದರು. “ಸೊಪ್ಪಿಗೋಸ್ಕರ ನಿನ್ನನ್ನ ಆಫೀಸಿಂದ ಕರೆಸ್ಲಾ? ನಂಗೆ ಕಾಲಿರೋದು ಯಾಕೆ ಮತ್ತೆ?” ಅಂದಿರಿ.

ಅದರ ಮುಂದಿನ ಭಾನುವಾರ ನಿಮ್ಮನ್ನು ಪಕ್ಕದೂರು ಪ್ಲೇನೋದ ಸ್ಟೇಷನ್ನಿಗೆ ಕರೆದೊಯ್ದೆ. ಕಾರು ಅಲ್ಲೇ ನಿಲ್ಲಿಸಿ ಇಬ್ಬರೂ ಡಲ್ಲಾಸ್ ಡೌನ್‌ಟೌನ್‌ಗೆ ರೈಲು ಹತ್ತಿದೆವು. ನಿಮ್ಮ ಮುಖ ನೋಡಬೇಕಿತ್ತು. ಆಸ್ಪತ್ರೆಯ ಯೂನಿಫಾರ್ಮ್ ಹಾಕಿದ ಹೆಂಗಸರು, ಸೈಕಲ್ ಹಿಡಿದು ನಿಂತ ಹುಡುಗ, ಮೂಲೆಯ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದ ಒಬ್ಬ ಮನುಷ್ಯ. ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಿರಿ. “ಇಲ್ಲೂ ಇದೆಯಲ್ಲೇ ಸುಧಾ. ಇದರ ಪಕ್ಕ ಬಿಟ್ಟು ಅಲ್ಲಿ ಯಾಕೆ ಮನೆ ಮಾಡಿದ್ರಿ?” ಅಂದಿರಿ. ಅನಘಾಳ ಸ್ಕೂಲಿಗಾಗಿ ಅಂದೆ. ಸ್ಕೂಲು ಮುಗಿದ ಮೇಲೆ? ಎಂದು ಕೇಳಿದಿರಿ. ಮುಂದಿನ ಸಲ ಬಂದಾಗ ನೋಡೋಣ ಎಂದುಕೊಂಡು ನೀವು ಮೈಸೂರಿಗೆ ಹೊರಟಿರಿ. ಆಮೇಲೆ ಒಂದು ಬೆಳಿಗ್ಗೆ ನಿಮ್ಮ ಮಗಳ ಮನೆಯಲ್ಲಿ ಪೇಪರ್ ಓದುತ್ತಾ ಕೂತವರು ಕೂತಲ್ಲೇ…

ಕಣ್ಣು ಕೈಕೊಟ್ಟದ್ದು ಅದಾಗಿ ಎರಡು ವರ್ಷಕ್ಕೆ. ಅಂಗಡಿಯ ಪಾರ್ಕಿಂಗಿನಲ್ಲಿ ಕಾರು ಹಿಂದಕ್ಕೆ ತೆಗೆಯುತ್ತಿದ್ದೆ. ಪಕ್ಕದಿಂದ ಒಬ್ಬ ತಾಯಿ, ತಳ್ಳುಗಾಡಿಯಲ್ಲಿ ಮಗು. ಅವಳು ಕಾರಿನ ಹಿಂಬದಿಗೆ ಬಡಿದು ಕೂಗಿದಾಗಲೇ ನನಗೆ ಕಂಡದ್ದು. ಯಾರಿಗೂ ಏನೂ ಆಗಲಿಲ್ಲ. ಕಣ್ಣಿನ ಡಾಕ್ಟರು ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಅಂದರು. ನಡುನಡುವೆ ಬೆಳಕೇ ಬರುತ್ತಿಲ್ಲವಲ್ಲ ಎಂದು ನಾನು ಸುಮ್ಮನೆ ಕೂತಿದ್ದೆ. ಚುಕ್ಕಿಗಳು ಬರುತ್ತಲೇ ಇದ್ದವಂತೆ ಅತ್ತೆ. ಗ್ಲಾಕೋಮಾ. ನೇರಕ್ಕೆ ಕಾಣುತ್ತದೆ, ಅಕ್ಕಪಕ್ಕದ್ದು ಹೋಗಿದೆ, ಹೋದದ್ದು ಬರುವುದಿಲ್ಲ. ಅಂದಿನಿಂದ ಡ್ರೈವಿಂಗ್ ನಿಂತಿತು.

ಆಸ್ಪತ್ರೆಯಿಂದ ಬರುವಾಗ ರಘು ದಾರಿಯಲ್ಲಿ ಕಾರು ನಿಲ್ಲಿಸಿ ಅತ್ತರು. ನಿಮ್ಮ ಮಗ ಒಳ್ಳೆಯವರು, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮನೆಗೆ ಬರುವಷ್ಟರಲ್ಲಿ ಎಲ್ಲ ಯೋಚಿಸಿ ಮುಗಿಸಿದ್ದರು. ನಾನು ಕೆಲಸ ಬಿಡುವುದು. ಅವರು ಮನೆಯಿಂದಲೇ ಕೆಲಸ ಮಾಡುವುದು. “ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ತೀನಿ ಸುಧಾ. ನೀನು ಕೇಳಿದ್ರೆ ಸಾಕು” ಅಂದರು. “ಕೇಳಬೇಕಲ್ಲ ರಘು, ಅದೇ ನಂಗಾಗಲ್ಲ” ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವುದಾದರೂ ಹೇಗೆ? ಒಂದು ಕಟ್ಟು ಸೊಪ್ಪಿಗೆ ಯಾರನ್ನಾದರೂ ಕೇಳಿ ಕಾಯುವ ಪರಿಸ್ಥಿತಿ ಅವರಿಗೆ ಎಂದಾದರೂ ಬಂದಿತ್ತೇ?

ಹತ್ತಿರದ ಮರ್ಫಿ ಊರಿನಲ್ಲಿ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ ಎಲ್ಲರಿಗೂ ವಿಷಯ ತಿಳಿದಿತ್ತು. ಒಬ್ಬರು ಆಂಟಿ ನನ್ನ ಕೈ ಹಿಡಿದು, ಪುಣ್ಯ ಮಾಡಿದ್ದೀಯಮ್ಮ, ಇಂಥಾ ಗಂಡ ಸಿಕ್ಕಿದ್ದಾರೆ, ಆರಾಮಾಗಿ ಮನೆಯಲ್ಲಿರು ಅಂದರು. ನನಗೇನು ಎಂಬತ್ತು ವರ್ಷವೇ? ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುವ ಕೆಲಸ ನನ್ನದು. ಕಂಪ್ಯೂಟರ್ ಪರದೆ ನೇರಕ್ಕೆ ಕಾಣುತ್ತದೆ, ಕೆಲಸಕ್ಕೆ ಅಷ್ಟು ಸಾಕು. ಆಫೀಸು ಇರುವ ಊರಿಗೆ ರೈಲು ಬರುತ್ತದೆ, ಸ್ಟೇಷನ್ನಿನಿಂದ ಬಸ್ಸಿದೆ. ಇಲ್ಲದ್ದು ಫ್ರಿಸ್ಕೋದಲ್ಲಿ ಮಾತ್ರ. ಹಾಗಿದ್ದರೆ ಬಿಡಬೇಕಾದ್ದು ಕೆಲಸವೋ, ಫ್ರಿಸ್ಕೋವೋ?

ಅನಘಾ ಆಸ್ಟಿನ್ನಿಗೆ ಕಾಲೇಜಿಗೆ ಹೋದ ವಾರವೇ ರಘುವಿನ ಮುಂದೆ ಈ ಪ್ರಶ್ನೆ ಇಟ್ಟೆ. ಮನೆ ಮಾರಿ ಸ್ಟೇಷನ್ನಿನ ಹತ್ತಿರಕ್ಕೆ ಶಿಫ್ಟ್ ಆಗೋಣ ಅಂದೆ. ಅವರು ಆಮೇಲೆ ನೋಡೋಣ ಅಂದರು, ಅಲ್ಲಿಯತನಕ ದಿನಾ ತಾವೇ ಆಫೀಸಿಗೆ ಬಿಟ್ಟು ಕರೆತರುತ್ತಿದ್ದರು. ದಸರಾಕ್ಕೆ ಕೇಳಿದೆ, ದೀಪಾವಳಿಗೆ ಕೇಳಿದೆ, ಸಂಕ್ರಾಂತಿಗೆ ಕೇಳಿದೆ. ಗೆಳೆಯರೆಲ್ಲ ಇಲ್ಲಿದ್ದಾರೆ, ರೈಲಿನಲ್ಲಿ ಎಂಥೆಂಥವರೋ ಇರುತ್ತಾರೆ, ಕಣ್ಣು ಕಾಣದವಳು ಒಬ್ಬಳೇ… ಎಂದು ಅವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಫೀಸಿನಿಂದ ಬಸ್ಸು ಹತ್ತಿ ಸ್ಟೇಷನ್ನಿನ ಪಕ್ಕದ ಅಪಾರ್ಟ್‌ಮೆಂಟ್‌ಗೆ ಹೋದೆ. ಒಂದು ಬೆಡ್‌ರೂಮಿನ ಮನೆ ತೋರಿಸಿದರು. ಬಾಲ್ಕನಿಯಿಂದ ಪ್ಲಾಟ್‌ಫಾರ್ಮ್ ಕಾಣುತ್ತಿತ್ತು. ಅಲ್ಲೇ ಕೂತು ಬಾಡಿಗೆ ಪತ್ರಕ್ಕೆ ಸೈನ್ ಮಾಡಿದೆ.

ಆ ಸಂಜೆಯ ಜಗಳ ನಿಮಗೆ ಪೂರ್ತಿ ಹೇಳುವುದಿಲ್ಲ. “ನನ್ನನ್ನ ಒಂದು ಮಾತು ಕೇಳದೇ ಸೈನ್ ಮಾಡ್ಬಿಟ್ಯಾ?” ಅಂದರು. “ಕೇಳಿದ್ದೆ ರಘು. ಹಬ್ಬಕ್ಕೊಂದು ಸಲ ಕೇಳಿದ್ದೆ” ಅಂದೆ. “ನೀವು ಬರೋದಾದ್ರೆ ಬನ್ನಿ, ಬರದಿದ್ರೂ ನಾನು ಹೋಗ್ತೀನಿ” ಅಂದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಹಾಗೆ ಮಾತಾಡಿದ್ದು ಮೊದಲ ಸಲ. ಅವರು ಬರಲಿಲ್ಲ. ಕುಕ್ಕರು, ಎರಡು ಸೂಟ್‌ಕೇಸು, ನಿಮ್ಮ ಒಂದು ಫೋಟೋ ಹಿಡಿದು ಇಲ್ಲಿಗೆ ಬಂದೆ. ಕಾರಿನಲ್ಲಿ ಕರೆತಂದು ಬಿಟ್ಟದ್ದು ಅವರೇ. ಸಾಮಾನು ಇಳಿಸಿ, ಸ್ಟೌವ್ ಸರಿಯಿದೆಯಾ ನೋಡಿ, ಕಾರು ಹತ್ತಿದರು. ಯುಗಾದಿ ಸಮಾರಂಭದಲ್ಲಿ ಅದೇ ಮರ್ಫಿಯ ಆಂಟಿ ನನ್ನನ್ನು ಕಂಬದ ಮರೆಗೆ ಕರೆದು, ಇಬ್ಬರ ನಡುವೆ ಎಲ್ಲಾ ಸರಿ ಇದೆಯಾ ಎಂದು ಪಿಸುಗುಟ್ಟಿದರು. “ನಾನು ಗಂಡನ್ನ ಬಿಟ್ಟಿಲ್ಲ ಆಂಟಿ, ಕಾರು ಬಿಟ್ಟಿದ್ದೀನಿ” ಅಂದೆ. ಪಕ್ಕದಲ್ಲಿದ್ದವರಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಅಂದೆ.

ಆ ಮೊದಲ ಬೇಸಿಗೆ ಸುಲಭವಾಗಿತ್ತು ಎಂದು ನಿಮಗೆ ಸುಳ್ಳು ಹೇಳಲಾರೆ. ಬಸ್ಸು ತಪ್ಪಿದರೆ ನೆರಳಿಲ್ಲದ ರಸ್ತೆ ಬದಿಯಲ್ಲಿ ನೆತ್ತಿ ಸುಡುವ ಬಿಸಿಲು. ಪಕ್ಕದ ಕಲ್ಲು ಕಾಣದೆ ಎಡವಿ ಬಿದ್ದು ಮೊಣಕಾಲು ತರಚಿಹೋಯಿತು, ರಘು ನೋಡಲು ಬಂದಾಗ ಸೀರೆ ಉಟ್ಟು ಅದನ್ನು ಮುಚ್ಚಿದೆ. ರೈಲಿನಲ್ಲಿ ಒಬ್ಬ ತನ್ನಷ್ಟಕ್ಕೆ ತಾನು ಬೈಯುತ್ತಾ ಓಡಾಡಿದಾಗ ನಾನೂ ಹೆದರಿ ಡಬ್ಬಿ ಬದಲಿಸಿದ್ದೇನೆ. ಆದರೆ ಮಾರನೇ ದಿನ ಮತ್ತೆ ಹತ್ತಿದೆ. ಹ್ಯೂಸ್ಟನ್ನಿನಲ್ಲಿ ರಘುವಿನ ಚಿಕ್ಕಪ್ಪನ ಮಗನ ಗೃಹಪ್ರವೇಶವಿತ್ತು, ಅಲ್ಲಿಗೆ ಇಲ್ಲಿಂದ ರೈಲಿಲ್ಲ. ನಾವು ಬಂದಾಗಿನಿಂದ ಬರುತ್ತದೆ, ಬರುತ್ತದೆ ಎಂದು ಕೇಳುತ್ತಲೇ ಇದ್ದೇವೆ. ಬಸ್ಸಿನಲ್ಲಿ ಹೋದೆ. ಗಂಡ ಕಾರಿನಲ್ಲಿ, ಹೆಂಡತಿ ಬಸ್ಸಿನಲ್ಲಿ ಬಂದದ್ದನ್ನು ಕಂಡು ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ ಬಿಡಿ.

ಆಸ್ಟಿನ್ನಿಗೆ ರೈಲಿದೆ. ದಿನಕ್ಕೊಂದೇ, ಕಾರಿನಲ್ಲಿ ಹೋಗುವುದಕ್ಕೆ ಎರಡರಷ್ಟು ಹೊತ್ತು ಹಿಡಿಯುತ್ತದೆ, ಆದರೆ ಇದೆ. ಅನಘಾಳ ಹುಟ್ಟುಹಬ್ಬಕ್ಕೆ ಒಬ್ಬಳೇ ಹೊರಟೆ. ರಘು ನಾನೇ ಬಿಡುತ್ತೇನೆ ಅಂದರು, ಬೇಡ ಅಂದೆ. ಅನಘಾಳೂ ಫೋನಿನಲ್ಲಿ ಇಂಗ್ಲಿಷಿನಲ್ಲೇ, ಅಮ್ಮ, ಯಾರೂ ಆ ರೈಲು ಹತ್ತುವುದಿಲ್ಲ ಅಂದಳು. ಯಾರೂ ಇಲ್ಲವೇ? ಎರಡು ಮಹಡಿಯ ಡಬ್ಬಿಯ ತುಂಬ ಜನ. ವೀಲ್‌ಚೇರಿನ ತಾತ, ಮೊಮ್ಮಕ್ಕಳನ್ನು ಕಟ್ಟಿಕೊಂಡ ಅಜ್ಜಿ. ನನ್ನ ಪಕ್ಕ ಕೂತಿದ್ದ ಹೆಂಗಸು ತಾನು ಜೀವಮಾನದಲ್ಲಿ ಡ್ರೈವ್ ಮಾಡಿಯೇ ಇಲ್ಲ ಅಂದಳು, ನಾಚಿಕೆಯೇನೂ ಇಲ್ಲದೆ. ಅವಳಿಗೆ ಚಕ್ಕುಲಿ ಕೊಟ್ಟೆ. ಬಯಲಿನ ನಡುವೆ ಸರಕಿನ ರೈಲಿಗೆ ದಾರಿ ಬಿಡಲೆಂದು ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದರು. ಹೊರಗೆ ದನಗಳು ಮೇಯುತ್ತಿದ್ದವು. ಕಿಟಕಿಗೆ ನೇರಕ್ಕೆ ಮುಖ ಮಾಡಿದರೆ ನನಗೆ ಅಷ್ಟೂ ಕಾಣುತ್ತಿತ್ತು.

ಆಸ್ಟಿನ್ನಿನ ಪುಟ್ಟ ಸ್ಟೇಷನ್ನಿನಲ್ಲಿ ಇಳಿದಾಗ ಎದುರಿಗೆ ಅನಘಾ, ಅವಳ ಪಕ್ಕದಲ್ಲಿ ರಘು. ನನಗೆ ಹೇಳದೆ ಫ್ರಿಸ್ಕೋದಿಂದ ಡ್ರೈವ್ ಮಾಡಿಕೊಂಡು ಬಂದು, ರೈಲು ಲೇಟಾದ ಅಷ್ಟು ಹೊತ್ತೂ ಆ ಸೆಕೆಯಲ್ಲಿ ಕಾದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ನಾನು ಜಗಳಕ್ಕೆ ಸಿದ್ಧಳಾದೆ. ಅನಘಾ ನಕ್ಕು, ಅಪ್ಪ ಹತ್ತು ಸಲ ಎದ್ದು ಹಳಿ ನೋಡಿ ಬಂದರು ಅಂದಳು, ಈ ಸಲ ಕನ್ನಡದಲ್ಲಿ. ರಘು ನನ್ನ ಕೈಯ ಚೀಲಕ್ಕೆ ಕೈ ಹಾಕಿದವರು ಏನನ್ನೋ ನೆನೆಸಿಕೊಂಡು ಬಿಟ್ಟರು. “ಕಾಯೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ” ಅಂದರು. ಇಷ್ಟು ವರ್ಷ ಅವರಿಗಾಗಿ ಕಾದವಳು ಏನು ಹೇಳಲಿ?

ಹೋದ ತಿಂಗಳು ಫ್ರಿಸ್ಕೋದ ಮನೆ ಮಾರಾಟಕ್ಕೆ ಹಾಕಿದರು. ನಾನು ಹೇಳಿ ಹಾಕಿಸಿದ್ದಲ್ಲ. ಈಗ ಈ ಒಂದು ಬೆಡ್‌ರೂಮಿನಲ್ಲಿ ಇಬ್ಬರೂ ಇದ್ದೇವೆ. ಅವರ ಪುಸ್ತಕಗಳು ಇನ್ನೂ ಪೆಟ್ಟಿಗೆಯಲ್ಲಿವೆ, ಅವರ ಕಾರು ಕೆಳಗಿದೆ. ಇರಲಿ, ನಾನು ಅವರ ಕಾರಿನ ಮೇಲೆ ಯುದ್ಧ ಸಾರಿಲ್ಲ. ಭಾನುವಾರ ಇಬ್ಬರೂ ರೈಲಿನಲ್ಲಿ ಡೌನ್‌ಟೌನ್‌ಗೆ ಹೋಗುತ್ತೇವೆ. ಅವರು ಇನ್ನೂ ಯಾವ ಕಡೆಯ ರೈಲು ಎಂದು ನನ್ನನ್ನೇ ಕೇಳುತ್ತಾರೆ.

ಇನ್ನೊಂದು ಸುದ್ದಿ ಉಳಿದಿದೆ. ಹೋದ ವಾರದ ಪರೀಕ್ಷೆಯಲ್ಲಿ ಬಲಗಣ್ಣಿನ ನೋಟ ಇನ್ನಷ್ಟು ಕಿರಿದಾಗಿದೆ ಅಂದರು. ಔಷಧಿ ಹಾಕುತ್ತಿದ್ದೇನೆ, ಎಷ್ಟು ದಿನ ತಡೆಯುತ್ತದೋ ಅವರಿಗೂ ತಿಳಿಯದು. ಅಳು ಬಂತು, ಅತ್ತೆ. ಅಳು ಮುಗಿದ ಮೇಲೆ, ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸುವವರಿಗೆ ಫೋನ್ ಮಾಡಿದೆ. ಪೂರ್ತಿ ಹೋಗುವ ತನಕ ಯಾಕೆ ಕಾಯಬೇಕು? ಕಾಣುತ್ತಿರುವಾಗಲೇ ಕಲಿತರೆ ಒಳ್ಳೆಯದಲ್ಲವೇ? ಕಲಿಸುವ ಹೆಂಗಸು, ಸಾಮಾನ್ಯವಾಗಿ ಎಲ್ಲರೂ ಮನೆಯೊಳಗಿನಿಂದ ಶುರು ಮಾಡುತ್ತಾರೆ, ನಿಮಗೂ ಹಾಗೇ ಆಗಬಹುದೇ ಎಂದು ಕೇಳಿದಳು. ಬೇಡ, ಪ್ಲಾಟ್‌ಫಾರ್ಮಿನಿಂದ ಶುರು ಮಾಡೋಣ ಅಂದೆ. ಅಂಚಿನಲ್ಲಿ ಉಬ್ಬುಬ್ಬಾದ ಹಳದಿ ಪಟ್ಟಿ ಇರುತ್ತದಲ್ಲ, ಅದು ಕೋಲಿನ ತುದಿಗೆ ಹೇಗೆ ಸಿಗುತ್ತದೆ ಎಂಬುದೇ ಮೊದಲ ಪಾಠವಂತೆ.

ಸೋಮವಾರ ಬೆಳಿಗ್ಗೆ ಶುರು. ನಿನ್ನೆ ರಘು ತಟ್ಟೆ ತೊಳೆಯುತ್ತಾ, ತಾನೂ ಬಂದು ನೋಡಬಹುದೇ ಎಂದು ಕೇಳಿದರು. ನಿಮ್ಮ ಮಗ ನನ್ನನ್ನು ಕೇಳಿದರು, ಅತ್ತೆ.

“ಬನ್ನಿ,” ಅಂದೆ. “ಕೈ ಮಾತ್ರ ಹಿಡಿಯಬೇಡಿ.”

ನಿಮ್ಮ
ಸುಧಾ